ಮುಕ್ಕಾಲು ಟನ್ನು

ಗಾಜು ಇಳಿಸೋಕೆ ಒಂದು ಹಿಡಿಕೆ ಇತ್ತು, ಮುರೀತು.
ಈಗ ಅಲ್ಲಿಗೊಂದು ಪಾನಾ,
ಬೇಕಾದಾಗ ಸಿಕ್ಕಿಸಿ ತಿರುವಿದರೆ ಗಾಳಿ.
ಈ ಗಾಡಿಯ ಏಸಿ ಅಂದ್ರೆ ಇಷ್ಟೇ ನೋಡ್ರಿ.

ಹರಿಹರದ ಟೈಲ್ಸ್ ಅಂಗಡಿಯವರದು, ನಾನು ಮೂರನೇ ಕೈ.
ತೊಂಬತ್ತೆಂಟು ಸಾವಿರ. ಕೊನೇ ಎರಡು ಸಾವಿರ ಬಿಡಿಸೋಕೆ
ಮೂರು ಸಾರಿ ಎದ್ದು ಹೋದೆ,
ಮೂರು ಸಾರಿ ನಾನೇ ವಾಪಸ್ ಬಂದೆ.
ಬಳಿದ ಬಿಳಿ ಬಣ್ಣದ ಕೆಳಗಿಂದ ಇವತ್ತಿಗೂ
ಗಾಡಿ ತೊಳೆದಾಗೆಲ್ಲ ಅವರ ಅಂಗಡಿ ಹೆಸರು ಏಳ್ತೈತೆ.
ಏಳಲಿ.

ಕೆಟ್ಟರೆ ತಿಪ್ಪೇಶಿ.
ಸೀಟು ಎತ್ತಿದರೆ ಎಂಜಿನ್ನು,
ಎರಡೇ ಸಿಲಿಂಡರು; ಒಂದು ಕೆಮ್ಮಿದರೆ
ಇನ್ನೊಂದಕ್ಕೆ ಕೇಳಿಸ್ತೈತೆ.
ಲ್ಯಾಪ್‌ಟಾಪು ಸಿಕ್ಕಿಸಿ ಕೇಳಬೇಕಾದ ಗಾಡಿಗಳನ್ನ
ಅವನು ಮುಟ್ಟಲ್ಲ. ‘ಅವಕ್ಕೆ ಕನ್ನಡ ಬರಲ್ಲ’ ಅಂತಾನೆ.

ಪಿ.ಬಿ. ರೋಡಿನ ಷೋರೂಮಿಗೂ ಹೋಗಿದ್ದೆ, ಸುಳ್ಳು ಯಾಕೆ.
ಟೈ ಕಟ್ಟಿದ ಹುಡುಗ ಹೊಸ ಪಿಕಪ್ಪು ತೋರಿಸಿದ.
ಒಳಗೊಂದು ಪರದೆ,
ಬೆಲ್ಟು ಹಾಕು ಅಂತೈತೆ, ಬಾಗಿಲು ಮುಚ್ಚು ಅಂತೈತೆ.
ಅದಕ್ಕೆಲ್ಲ ಮನೇಲಿ ಜನ ಅದಾರಪ್ಪ, ಅಂದೆ.
ಕಂತೆಷ್ಟು, ಅಂದೆ.
ಹೇಳಿದ.
ಕೊಟ್ಟ ಬಾದಾಮಿ ಹಾಲು ಪೂರ್ತಿ ಕುಡಿದು ಎದ್ದೆ.

ಅಪ್ಪ ಎಪಿಎಂಸಿಯಲ್ಲಿ ಹಮಾಲ, ಮೂವತ್ತೊಂದು ವರ್ಷ,
ಕ್ವಿಂಟಾಲ್ ಮೆಕ್ಕೆಜೋಳ ಬೆನ್ನ ಮೇಲೆ.
ಗಾಡಿ ತಂದ ದಿನ ಎಲ್ಲರೂ ಮುಂದೆ ನಿಂತು ದೀಪ ನೋಡಿದರು;
ಅವನು ಹಿಂದೆ ಹೋಗಿ ಕೂತು
ಸ್ಪ್ರಿಂಗ್ ಪಟ್ಟಿ ಬೆರಳಲ್ಲಿ ಎಣಿಸಿದ.
ಎಷ್ಟು ಹೊರ್ತೈತೆ? ಮುಕ್ಕಾಲು ಟನ್ನು.
‘ಏಳೂವರೆ ಆಳು,’ ಅಂದ.
ಆಮೇಲೆ, ‘ಒಂದು ಪಟ್ಟಿ ಜಾಸ್ತಿ ಹಾಕ್ಸು.’

ಏನು ಹೇರಿಲ್ಲ ಹೇಳ್ರಿ. ಹೊಂಡದ ಸರ್ಕಲ್ ಹತ್ರ
ಕೊಟ್ರಪ್ಪ ಮೇಷ್ಟ್ರು ಮನೆ ಖಾಲಿ ಮಾಡಿದರು,
ಮಂಚ ಬಿಚ್ಚಿ, ಗ್ರೈಂಡರಿಗೆ ದುಪ್ಪಟಿ ಸುತ್ತಿ, ಒಂದೇ ಟ್ರಿಪ್ಪು.
ಪಕ್ಕದ ಸೀಟಲ್ಲಿ ಅವರ ಹೆಂಡತಿ, ತೊಡೆ ಮೇಲೆ ತುಳಸಿ ಕುಂಡ.
ಹಿಂದೆ ತಿರುಗಿ ನೋಡಿದರು:
ಇಪ್ಪತ್ತಾರು ವರ್ಷದ ಸಂಸಾರ
ಒಂದು ಹಗ್ಗದೊಳಗೆ ನಿಂತಿತ್ತು.
‘ಇಷ್ಟೇನಾ?’ ಅಂದರು ಆಯಮ್ಮ.
ಐನೂರು ಅಂತ ಮಾತಾಗಿತ್ತು, ನಾನೂರು ತಗಂಡೆ.

ದಿನದ ಹೇರು ಮಾತ್ರ ಮಂಡಕ್ಕಿ.
ಹಜರತ್ ಬಿ ಭಟ್ಟಿಯಿಂದ, ಹೊಗೆಯೊಳಗೆ, ಇನ್ನೂ ಬೆಳಕಾಗದ ಹೊತ್ತು;
ಚೀಲಕ್ಕೆ ಕೆನ್ನೆ ಒತ್ತಿದರೆ ಬೆಚ್ಚಗಿರ್ತೈತೆ.
ಮೂವತ್ತು ಚೀಲ ಕಟ್ಟಿ ಹೊರಟರೆ
ಎದುರು ಬಂದೋರು ಅಯ್ಯೋ ಪಾಪ ಅಂತಾರೆ.
ಅಪ್ಪನ ಹೆಚ್ಚಿನ ಪಟ್ಟಿಗೆ ಗೊತ್ತು ನಿಜ:
ಕಾಲು ಟನ್ನೂ ಇಲ್ಲ,
ಉಳಿದದ್ದು ಗಾಳಿ.

ಮೊನ್ನೆ ಚಿತ್ರದುರ್ಗದ ಹತ್ರ ಹೈವೇ ಕಟ್ಟಿಕೊಂಡಿತ್ತು.
ಗಾಳಿಯಂತ್ರದ ರೆಕ್ಕೆ, ಒಂದೇ ಒಂದು, ನಮ್ಮ ಬೀದಿಯಷ್ಟುದ್ದ,
ಗುಡ್ಡದ ಕಡೆ ತಿರುಗಲಾರದೆ ರಸ್ತೆಗೆ ಅಡ್ಡ ಮಲಗಿತ್ತು.
ಚಕ್ರ ಎಣಿಸಿದೆ, ಐವತ್ತರ ಮೇಲೆ ಲೆಕ್ಕ ತಪ್ಪಿತು.
ಅವರದು ಗಾಳಿ ಹಿಡಿಯೋಕೆ ಹೊರಟ ಹೇರು,
ನನ್ನದು ಆಗಲೇ ಹಿಡಿದದ್ದು.
ಕನ್ನಡಿ ಮಡಚಿ, ಸರ್ವೀಸ್ ರೋಡಿಗಿಳಿದು
ಎಮ್ಮೆ ದಾಟಲಿ ಅಂತ ಕಟ್ಟಿದ ಸೇತುವೆ ಕೆಳಗೆ ತೂರಿದೆ.
ಗಾಡಿ ದಾಟಿತು. ಮೇಲಿನ ಚೀಲ
ಕಾಂಕ್ರೀಟಿಗೆ ಉಜ್ಜಿ ಹರೀತು;
ಹಿಂದೆ ಉದ್ದಕ್ಕೂ ಬೆಳ್ಳಗೆ.

ಇಳಿದು ನೋಡಿದರೆ ರೆಕ್ಕೆ ಲಾರಿಯ ಹುಡುಗ,
ನೀರು ಹುಡುಕ್ಕಂಡು ಬಂದಿದ್ದ, ಯಾವ ಸೀಮೆಯವನೋ,
ಖಾಲಿ ಬಾಟಲಿ ಕಂಕುಳಲ್ಲಿ.
ರಾತ್ರಿಯಿಂದ ಉಂಡಿಲ್ಲ ಅಂತ ಹೊಟ್ಟೆ ಮುಟ್ಟಿ ತೋರಿಸಿದ.
ಅವನ ಟವೆಲ್ಲಿಗೆ ಹರಿದ ಚೀಲ ಬಗ್ಗಿಸಿದೆ.
ಒಂದು ಮುಕ್ಕು ಬಾಯಿಗೆ ಹಾಕಿ, ಅಗಿದು,
‘ಮಿರ್ಚಿ?’ ಅಂದ.

ನೋಡ್ರಿ ಇವನ.